ಒಕ್ಕಲುತನದ ಮನೆಯಲ್ಲಿ ಮಗಳ ಪಾಲು

ಒಕ್ಕಲುತನ ಒಬ್ಬರಿಂದ ಆಗುವ ಉದ್ಯೋಗವಲ್ಲ. ಮನೆಮಂದಿಯೆಲ್ಲ ಕೂಡಿ ದುಡಿದರೆ ಮಾತ್ರ ಅದು ನಡೆಯುತ್ತದೆ. ಧಾರವಾಡ ಜಿಲ್ಲೆಯ ಎರೆಹೊಲಗಳಲ್ಲಿ ಕಸ ತೆಗೆಯುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಶೇಂಗಾ ಕಾಯಿ ಬಿಡಿಸುವುದು, ಬೀಜ ಹಸನು ಮಾಡಿ ಎತ್ತಿಡುವುದು, ದನಕರುಗಳ ಜೋಪಾನ ಮಾಡುವುದು ಇವೆಲ್ಲ ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಯಿಂದಲೇ ಆಗತಕ್ಕ ಕೆಲಸಗಳು. ಆದರೆ ಅದೇ ಹೊಲದ ಉತಾರ ತೆಗೆಸಿ ನೋಡಿದರೆ ಮಾಲೀಕರ ಹೆಸರಿರುವ 9ನೆಯ ಕಾಲಮ್ಮಿನಲ್ಲಿ ಸಾಮಾನ್ಯವಾಗಿ ಗಂಡಸರ ಹೆಸರೇ ಇರುತ್ತದೆ. ಸಾಗುವಳಿದಾರರ ಹೆಸರು ಬರುವ 12ನೆಯ ಕಾಲಮ್ಮಿನಲ್ಲಿಯೂ ಅವರದೇ ಹೆಸರು. 2015-16ರ ಕೃಷಿ ಗಣತಿಯ ಪ್ರಕಾರ ಇಡೀ ದೇಶದಲ್ಲಿ ಹೆಂಗಸರ ಹೆಸರಿನಲ್ಲಿ ನಡೆಯುವ ಹಿಡುವಳಿಗಳು ನೂರಕ್ಕೆ ಸುಮಾರು 14 ಮಾತ್ರ. ಇವುಗಳಲ್ಲಿ ಗಂಡ ತೀರಿಕೊಂಡ ಮೇಲೆ ಹೆಂಡತಿಯ ಹೆಸರಿಗೆ ಬಂದವುಗಳೂ ಸೇರಿವೆ. ತಂದೆಯಿಂದ ಮಗಳಿಗೆ ಬಂದ ಹೊಲ ಎಷ್ಟೆಂದು ಪ್ರತಿಯೊಬ್ಬರೂ ತಮ್ಮ ಊರಿನಲ್ಲಿಯೇ ಬೆರಳು ಮಡಚಿ ಎಣಿಸಿ ನೋಡಬಹುದು.

ಹೆಸರು ಇಲ್ಲದಿದ್ದರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ಬೆಳೆಸಾಲ, ಬೆಳೆವಿಮೆ, ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಕಾಳು ಹಾಕುವುದು, ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ದರದ ಬೀಜ ಮತ್ತು ಸಲಕರಣೆ, ಫ್ರೂಟ್ಸ್ ತಂತ್ರಾಂಶದಲ್ಲಿ ರೈತ ನೋಂದಣಿ ಸಂಖ್ಯೆ, ಬೆಳೆಹಾನಿ ಪರಿಹಾರ ಇವೆಲ್ಲವೂ ಪಹಣಿಯಲ್ಲಿರುವ ಹೆಸರನ್ನು ಹಿಡಿದುಕೊಂಡೇ ಬರುತ್ತವೆ. ತವರಿನಲ್ಲಿಯೇ ಉಳಿದು ವಯಸ್ಸಾದ ತಂದೆತಾಯಿಗಳನ್ನೂ ಹೊಲವನ್ನೂ ನೋಡಿಕೊಳ್ಳುವ ಮಗಳು, ಗಂಡ ತೀರಿಕೊಂಡು ಮಕ್ಕಳೊಡನೆ ತವರಿಗೆ ಮರಳಿದ ಮಗಳು ಇಂಥವರು ಹತ್ತು ವರ್ಷ ಬಿತ್ತಿ ಬೆಳೆದರೂ ಕಾಗದದ ಮೇಲೆ ರೈತರಾಗುವುದಿಲ್ಲ. ಇದು ಬರಿಯ ಗೌರವದ ಮಾತಲ್ಲ, ಲೆಕ್ಕದ ಮಾತು.

ಕಾಯಿದೆ ನಡೆದುಬಂದ ದಾರಿ

ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತದಲ್ಲಿತ್ತು. ಹಳೆಯ ಮೈಸೂರಿನಲ್ಲಿ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದಿತ್ತಾದರೂ ಅದು ನಮಗೆ ಅನ್ವಯಿಸುತ್ತಿರಲಿಲ್ಲ. ನಮ್ಮ ಕಡೆ ನಡೆಯುತ್ತಿದ್ದುದು ಮಿತಾಕ್ಷರದ ಮುಂಬಯಿ ಪದ್ಧತಿ. ಅದರಲ್ಲಿ ಒಂದು ವಿಶೇಷವಿತ್ತು. ಗಂಡುಮಕ್ಕಳಿಲ್ಲದ ತಂದೆಯ ಪ್ರತ್ಯೇಕ ಆಸ್ತಿ ಮಗಳಿಗೆ ಬಂದರೆ ಅವಳು ಅದರ ಪೂರ್ಣ ಒಡತಿಯಾಗುತ್ತಿದ್ದಳು. ಬೇರೆ ಪ್ರಾಂತಗಳಲ್ಲಿ ಬದುಕಿರುವವರೆಗೆ ಅನುಭವಿಸುವ ಹಕ್ಕು ಮಾತ್ರ ಇದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಒಬ್ಬನೇ ಒಬ್ಬ ಗಂಡುಮಗನಿದ್ದರೂ ಈ ಹಕ್ಕು ಇಲ್ಲವಾಗುತ್ತಿತ್ತು. ಏಕತ್ರ ಕುಟುಂಬದ ಹೊಲವಂತೂ ಗಂಡಸರ ನಡುವೆಯೇ ಉಳಿಯುತ್ತಿತ್ತು. ಆದ್ದರಿಂದ ಗಂಡು ಸಂತಾನವಿಲ್ಲದ ಮನೆಗಳವರು ಅಣ್ಣತಮ್ಮಂದಿರ ಮಗನನ್ನು ದತ್ತಕ ತೆಗೆದುಕೊಳ್ಳುವುದು, ಮನೆ ಅಳಿಯನನ್ನು ಇಟ್ಟುಕೊಳ್ಳುವುದು ವಾಡಿಕೆಯಾಗಿತ್ತು. ಕೆಲವು ಬಡ ಮನೆತನಗಳಲ್ಲಿ ಮಗಳನ್ನು ದೇವರಿಗೆ ಬಿಟ್ಟು ಅವಳನ್ನೇ ಮಗನ ಸ್ಥಾನದಲ್ಲಿಟ್ಟು ಮನೆ ಮುಂದುವರಿಸುವ ಕ್ರೂರ ಪದ್ಧತಿಯೂ ಇತ್ತು. ಇದನ್ನು 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಅಪರಾಧವೆಂದು ಸಾರಿತು. ಮಗಳು ಮಗಳಾಗಿಯೇ ಇದ್ದು ವಾರಸುದಾರಳಾಗುವ ದಾರಿ ಮುಚ್ಚಿದ್ದರಿಂದಲೇ ಇಂಥ ಅಡ್ಡದಾರಿಗಳು ಹುಟ್ಟಿದವು ಎಂದು ನಾವು ತಿಳಿಯುತ್ತೇವೆ.

1956ರ ಹಿಂದೂ ವಾರಸಾ ಕಾಯಿದೆ ಮಗಳನ್ನು ಮೊದಲ ವರ್ಗದ ವಾರಸುದಾರರಲ್ಲಿ ಸೇರಿಸಿತು. ಈ ಕಾಯಿದೆಯ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಬರೆಯಲಾಗಿದೆ. ಜೈನ, ಬೌದ್ಧ, ಸಿಖ್ಖರಿಗೂ ಅದು ಅನ್ವಯಿಸುತ್ತದೆ. ಆದುದರಿಂದ "ನಮಗೆ ಆ ಕಾಯಿದೆ ಹತ್ತುವುದಿಲ್ಲ" ಎಂದು ಕೆಲವರು ಹೇಳುವ ಮಾತಿಗೆ ಆಧಾರವಿಲ್ಲ. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕನ್ನು 1956ರ ಕಾಯಿದೆಯೂ ಗಂಡುಮಕ್ಕಳಿಗೆ ಮಾತ್ರ ಉಳಿಸಿತು.

ಈ ಕೊರತೆಯನ್ನು ನೀಗಿಸಲು ಮೊದಲು ಮುಂದೆ ಬಂದವು ದಕ್ಷಿಣದ ರಾಜ್ಯಗಳು. ಕೇರಳ 1975ರಲ್ಲಿ ಏಕತ್ರ ಕುಟುಂಬದ ಪದ್ಧತಿಯನ್ನೇ ರದ್ದು ಮಾಡುವ ಕಾಯಿದೆ ತಂದಿತು. ಆಂಧ್ರ, ತಮಿಳುನಾಡುಗಳು 1980ರ ದಶಕದಲ್ಲಿ ಮಗಳನ್ನು ಮಗನಂತೆ ಹಕ್ಕುದಾರಳನ್ನಾಗಿ ಮಾಡಿದವು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಇದು ಜಾರಿಗೆ ಬಂತು. ಆದರೆ ಆ ದಿನಕ್ಕಿಂತ ಮುಂಚೆ ಮದುವೆಯಾದ ಮಗಳಿಗೆ ಅದರ ಪ್ರಯೋಜನ ಸಿಗಲಿಲ್ಲ. ಒಂದೇ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಮದುವೆಯಾದ ಅಕ್ಕನಿಗೆ ಪಾಲು ಇಲ್ಲ, ಮರುವರ್ಷ ಮದುವೆಯಾದ ತಂಗಿಗೆ ಪಾಲು ಉಂಟು ಎಂಬ ವಿಚಿತ್ರ ಪರಿಸ್ಥಿತಿ ಉಂಟಾಯಿತು. ಅಂತೂ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ಈಗ ಮಗಳು, ಮದುವೆಯಾಗಿರಲಿ ಆಗದಿರಲಿ, ಹುಟ್ಟಿನಿಂದಲೇ ಮಗನಷ್ಟೇ ಹಕ್ಕುಳ್ಳವಳು. ಹಕ್ಕಿನಂತೆ ಕುಟುಂಬದ ಸಾಲ ಮತ್ತು ಹೊಣೆಗಳಲ್ಲಿಯೂ ಅವಳು ಭಾಗಿ ಎಂಬುದನ್ನು ಮರೆಯಬಾರದು. ಒಕ್ಕಲಿಗರ ಮಟ್ಟಿಗೆ ಇದೇ ತಿದ್ದುಪಡಿಯ ಇನ್ನೆರಡು ಅಂಶಗಳು ಮಹತ್ವದವು. ಸಾಗುವಳಿ ಜಮೀನಿಗೆ ಸಂಬಂಧಿಸಿದ ಕೆಲವು ಕಾಯಿದೆಗಳನ್ನು ಹೊರಗಿಡುತ್ತಿದ್ದ ಉಪಕಲಮನ್ನು ತೆಗೆದುಹಾಕಲಾಯಿತು. ವಾಸದ ಮನೆಯಲ್ಲಿ ಮಗಳು ತಾನಾಗಿ ವಾಟ್ನಿ ಕೇಳುವಂತಿಲ್ಲ ಎಂಬ 23ನೆಯ ಕಲಮೂ ಹೋಯಿತು.

ಹೊರದೇಶಗಳಲ್ಲಿಯೂ ಇದು ಬಹಳ ಹಳೆಯ ಬದಲಾವಣೆಯೇನಲ್ಲ. ಹೊಲವನ್ನು ತುಂಡು ಮಾಡದೆ ಹಿರಿಯ ಮಗುವಿಗೆ ಕೊಡುವ ಪದ್ಧತಿಯುಳ್ಳ ನಾರ್ವೆ ದೇಶದಲ್ಲಿ ಗಂಡುಮಗನಿಗಿದ್ದ ಮುಂಗಡ ಹಕ್ಕನ್ನು ತೆಗೆದು ಹೆಣ್ಣುಮಗಳಿಗೂ ಸಮನಾಗಿ ಮಾಡಿದ್ದು 1974ರ ಕಾಯಿದೆ.

ಹನ್ನೆರಡು ಎಕರೆಯ ಲೆಕ್ಕ

ಕಲಮುಗಳನ್ನು ಓದುವುದಕ್ಕಿಂತ ಒಂದು ಲೆಕ್ಕ ಮಾಡಿ ನೋಡುವುದು ಮೇಲು. ಒಬ್ಬ ರೈತನಿಗೆ 12 ಎಕರೆ ಪಿತ್ರಾರ್ಜಿತ ಹೊಲವಿದೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. ಮೃತ್ಯುಪತ್ರ ಬರೆಯದೆ ಅವನು ತೀರಿಕೊಂಡನೆನ್ನೋಣ. ಅವನ ತಾಯಿ ಮೊದಲೇ ತೀರಿಕೊಂಡಿದ್ದಾಳೆ.

1956ರ ಮೂಲ ಕಾಯಿದೆಯಂತೆ, ರೈತ ಸಾಯುವ ಮುನ್ನಾ ಕ್ಷಣ ವಾಟ್ನಿಯಾಯಿತೆಂದು ಭಾವಿಸಬೇಕು. ಮುಂಬಯಿ ಪದ್ಧತಿಯಂತೆ ತಂದೆ-ಮಕ್ಕಳ ವಾಟ್ನಿಯಲ್ಲಿ ತಾಯಿಗೂ ಒಂದು ಪಾಲು ಸಲ್ಲುತ್ತದೆ. ಹೀಗಾಗಿ ತಂದೆ, ತಾಯಿ, ಇಬ್ಬರು ಮಕ್ಕಳು ಎಂದು ನಾಲ್ಕು ಪಾಲು, ತಲಾ 3 ಎಕರೆ. ತಂದೆಯ 3 ಎಕರೆ ಮಾತ್ರ ಹೆಂಡತಿ, ಇಬ್ಬರು ಗಂಡುಮಕ್ಕಳು, ಮಗಳು ಈ ನಾಲ್ವರಲ್ಲಿ ಹಂಚಿಕೆಯಾಗಿ ಒಬ್ಬೊಬ್ಬರಿಗೆ 30 ಗುಂಟೆ ಬರುತ್ತದೆ. ಒಟ್ಟಿನಲ್ಲಿ ತಾಯಿಗೂ ಗಂಡುಮಕ್ಕಳಿಗೂ ತಲಾ 3 ಎಕರೆ 30 ಗುಂಟೆ, ಮಗಳಿಗೆ ಬರಿಯ 30 ಗುಂಟೆ.

ಈಗಿನ ಕಾಯಿದೆಯಂತೆ ಅದೇ ಹೊಲವನ್ನು ಮೊದಲು ಐದು ಪಾಲು ಮಾಡಬೇಕು, ಏಕೆಂದರೆ ಮಗಳೂ ಹುಟ್ಟಿನಿಂದಲೇ ಪಾಲುಗಾರಳು. ತಂದೆಯ ಐದನೆಯ ಪಾಲು ಮತ್ತೆ ನಾಲ್ವರಲ್ಲಿ ಸಮನಾಗಿ ಹಂಚಿಕೆಯಾಗುತ್ತದೆ. ಕೊನೆಗೆ ತಾಯಿ, ಇಬ್ಬರು ಗಂಡುಮಕ್ಕಳು, ಮಗಳು ಎಲ್ಲರಿಗೂ ತಲಾ 3 ಎಕರೆ. ಹೊಲ ತಂದೆಯ ಸ್ವಯಾರ್ಜಿತವಾಗಿದ್ದರೂ ಉತ್ತರ ಇದೇ ಬರುತ್ತದೆ, ಏಕೆಂದರೆ ಆಗ ಇಡೀ 12 ಎಕರೆ ನಾಲ್ವರು ವಾರಸುದಾರರಲ್ಲಿ ಸಮನಾಗಿ ಹೋಗುತ್ತದೆ. ಸ್ವಯಾರ್ಜಿತ ಆಸ್ತಿಯನ್ನೂ ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನೂ ತಂದೆ ಮೃತ್ಯುಪತ್ರದಿಂದ ಬೇಕಾದವರಿಗೆ ಕೊಡಬಹುದು. ಆದರೆ ಪಿತ್ರಾರ್ಜಿತದಲ್ಲಿ ಮಗಳ ಪಾಲನ್ನು ಮೃತ್ಯುಪತ್ರದಿಂದ ತೆಗೆದುಹಾಕಲು ಅವನಿಗೆ ಅಧಿಕಾರವಿಲ್ಲ.

"ಮದುವೆಗೆ ಬಂಗಾರ ಕೊಟ್ಟೆವು, ಖರ್ಚು ಮಾಡಿದೆವು, ಅದೇ ಅವಳ ಪಾಲು" ಎಂಬ ಮಾತು ನಮ್ಮ ಊರುಗಳಲ್ಲಿ ಬಹಳ ಕೇಳಿಬರುತ್ತದೆ. ಕಾಯಿದೆಯಲ್ಲಿ ಅಂಥ ವಜಾವಟಿ ಇಲ್ಲ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯಿದೆಯಿಂದ ಅಪರಾಧ. ಅಪರಾಧದ ಹಣವನ್ನು ಪಾಲಿನ ಲೆಕ್ಕಕ್ಕೆ ಹಿಡಿಯುವುದು ಹೇಗೆ? ಮಗನ ಓದಿಗೆ, ಮಗನ ಮದುವೆಗೆ ಮಾಡಿದ ಖರ್ಚನ್ನು ಯಾರೂ ಅವನ ಪಾಲಿನಲ್ಲಿ ಮುರಿದುಕೊಳ್ಳುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಹಳೆಯ ವಾಟ್ನಿಗಳ ಗತಿ ಏನು?

2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾದ ವಾಟ್ನಿ ಪತ್ರದಿಂದಾಗಲಿ ಕೋರ್ಟಿನ ಡಿಕ್ರಿಯಿಂದಾಗಲಿ ಆದ ಹಂಚಿಕೆಯನ್ನು ಹೊಸ ತಿದ್ದುಪಡಿ ಕೆದಕುವುದಿಲ್ಲ. ಆ ದಿನಕ್ಕಿಂತ ಮುಂಚೆ ಮಾರಿಹೋದ ಹೊಲವೂ ಹಾಗೆಯೇ. "ಬಾಯಿಮಾತಿನಲ್ಲಿ ಹಂಚಿಕೊಂಡಿದ್ದೆವು" ಎಂದರೆ ಸಾಮಾನ್ಯವಾಗಿ ಸಾಲದು. ಸರಕಾರಿ ದಾಖಲೆಗಳಿಂದ ಬಲವಾಗಿ ಸಿದ್ಧವಾದ ಅಪರೂಪದ ಪ್ರಸಂಗದಲ್ಲಿ ಮಾತ್ರ ಅದನ್ನು ಒಪ್ಪಬಹುದೆಂದು ಸುಪ್ರೀಂ ಕೋರ್ಟು ಹೇಳಿದೆ.

ಈ ಕಾಯಿದೆಯ ಅರ್ಥ ತಿಳಿಯಾಗಲು ಹದಿನೈದು ವರ್ಷ ಹಿಡಿಯಿತು. ಅದರಲ್ಲಿ ನಮ್ಮ ಉತ್ತರ ಕರ್ನಾಟಕದ ದಾವೆಗಳೇ ಮುಖ್ಯವಾಗಿದ್ದವು. ಬೆಳಗಾವಿಯಲ್ಲಿ 1992ರಲ್ಲಿ ಹೂಡಿದ ಒಂದು ವಾಟ್ನಿ ದಾವೆ, ಪ್ರಕಾಶ್ ವಿರುದ್ಧ ಫೂಲವತಿ ಎಂಬ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ 2015ರ ಅಕ್ಟೋಬರಿನಲ್ಲಿ ತೀರ್ಮಾನವಾಯಿತು. 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು ಎಂದು ಅದರಲ್ಲಿ ಹೇಳಲಾಯಿತು. ದಾನಮ್ಮ ವಿರುದ್ಧ ಅಮರ್ ಎಂಬ ಇನ್ನೊಂದು ದಾವೆ 2002ರಲ್ಲಿ ಹೂಡಿದ್ದು. ತಂದೆ 2001ರಲ್ಲಿಯೇ ತೀರಿಕೊಂಡಿದ್ದರೂ 2018ರ ಫೆಬ್ರುವರಿ 1ರಂದು ಸುಪ್ರೀಂ ಕೋರ್ಟು ಇಬ್ಬರು ಹೆಣ್ಣುಮಕ್ಕಳಿಗೂ ಐದರಲ್ಲಿ ಒಂದೊಂದು ಪಾಲು ಕೊಟ್ಟಿತು. ಎರಡು ತೀರ್ಪುಗಳು ಒಂದಕ್ಕೊಂದು ಹೊಂದದೆ ಗೊಂದಲವಾದಾಗ ಮೂವರು ನ್ಯಾಯಾಧೀಶರ ಪೀಠ ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಪ್ರಶ್ನೆಯನ್ನು ಬಗೆಹರಿಸಿತು. ಹಕ್ಕು ಹುಟ್ಟಿನಿಂದ ಬರುವುದರಿಂದ 2005ರಲ್ಲಿ ತಂದೆ ಬದುಕಿರಬೇಕಾದ ಅವಶ್ಯಕತೆಯಿಲ್ಲ ಎಂಬುದೇ ಆ ತೀರ್ಪು. ಇಂದು ನಡೆಯುವುದು ಇದೇ.

ಮೊದಲನೆಯ ದಾವೆಗೆ 23 ವರ್ಷ, ಎರಡನೆಯದಕ್ಕೆ 16 ವರ್ಷ ಹಿಡಿದವು ಎಂಬುದನ್ನು ಓದುಗರು ಗಮನಿಸಬೇಕು. ವಾಟ್ನಿ ದಾವೆಯಲ್ಲಿ ಪ್ರಾಥಮಿಕ ಡಿಕ್ರಿಯಾದ ಮೇಲೂ ಹೊಲವನ್ನು ಅಳತೆ ಮಾಡಿ ಹಂಚುವ ಕೆಲಸ ಕಂದಾಯ ಅಧಿಕಾರಿಗಳ ಮುಖಾಂತರ ಆಗಬೇಕು. ಅದಕ್ಕೆ ಮತ್ತೆ ಕಾಲ ಬೇಕು. ಹೈಕೋರ್ಟಿನ ಪೀಠ 2008ರಲ್ಲಿ ಧಾರವಾಡಕ್ಕೆ ಬಂದು 2013ರಲ್ಲಿ ಕಾಯಂ ಆದಮೇಲೆ ಬೆಂಗಳೂರಿಗೆ ತಿರುಗುವ ಖರ್ಚೇನೋ ತಪ್ಪಿತು. ಆದರೆ ಅಣ್ಣ-ತಂಗಿಯರು ಕೋರ್ಟಿನ ಕಟ್ಟೆಯ ಎರಡು ಕಡೆ ಕೂಡ್ರುವುದು ತಪ್ಪಲಿಲ್ಲ.

ತವರೋ, ಪಾಲೋ?

ಹೀಗೆ ಕಾಯಿದೆ ಸ್ಪಷ್ಟವಾಗಿದ್ದರೂ ಪಾಲು ಕೇಳುವ ಹೆಣ್ಣುಮಕ್ಕಳು ಕಡಿಮೆ. ಕಾರಣ ಅಜ್ಞಾನವೊಂದೇ ಅಲ್ಲ. ನಾಗರ ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆಂದು ದಾರಿ ಕಾಯುವ ಹೆಣ್ಣುಮಗಳಿಗೆ ಆ ಕರೆ ಬೆಲೆಯಿಲ್ಲದ್ದೇನಲ್ಲ. ಬಾಣಂತನ, ಕುಬಸ, ಮಕ್ಕಳ ಜವಳ, ಗಂಡನ ಮನೆಯಲ್ಲಿ ಕಷ್ಟ ಬಂದರೆ ಒಂದು ಆಸರೆ ಇವೆಲ್ಲ ತವರಿನಿಂದ ಬರತಕ್ಕವು. ಮೂರು ಎಕರೆ ಕೇಳಿದರೆ ಇವೆಲ್ಲ ಹೋಗುತ್ತವೆ ಎಂಬ ಅಂಜಿಕೆಯಿಂದ ಅವಳು ಸುಮ್ಮನಿರುತ್ತಾಳೆ. ಕೆಲವು ಸಲ ಈ ಅಂಜಿಕೆಯನ್ನು ಹುಟ್ಟಿಸುವವರು ಅಣ್ಣತಮ್ಮಂದಿರಲ್ಲ, ತಾಯಿಯೇ.

ಪಾಲು ಬೇಡವೆಂದು ತಿಳಿದು ಬಿಡುವುದು ಮಗಳ ಇಚ್ಛೆ. ಅದಕ್ಕೆ ಯಾರೂ ಅಡ್ಡಿ ಮಾಡುವಂತಿಲ್ಲ. ಆದರೆ ಬಿಡುವುದು ತಿಳಿದು ಬಿಟ್ಟದ್ದಾಗಿರಬೇಕು. "ಸೊಸಾಯಿಟಿ ಸಾಲಕ್ಕೆ ನಿನ್ನದೊಂದು ಸಹಿ ಬೇಕು" ಎಂದು ಕರೆದುಕೊಂಡು ಹೋಗಿ ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು ಮೋಸವೇ ಹೊರತು ಮನೆತನದ ವ್ಯವಹಾರವಲ್ಲ. ಸಹಿ ಮಾಡುವ ಮೊದಲು ಪತ್ರವನ್ನು ಪೂರ್ತಿ ಓದಿಸಿ ಕೇಳತಕ್ಕದ್ದು. ಮತ್ತೊಂದು ಮಾತು: ನೂರು ರೂಪಾಯಿಗಿಂತ ಹೆಚ್ಚಿನ ಬೆಲೆಯ ಸ್ಥಿರ ಆಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗಲೇಬೇಕು. ಊರ ಹಿರಿಯರ ಮುಂದೆ ಸ್ಟಾಂಪು ಕಾಗದದ ಮೇಲೆ ಬರೆದಿಟ್ಟ "ನನಗೆ ಪಾಲು ಬೇಡ" ಎಂಬ ಚೀಟಿಯಿಂದ ಹಕ್ಕು ಹೋಗುವುದಿಲ್ಲ. ಅದನ್ನೇ ನಂಬಿಕೊಂಡು ಬಾವಿ ತೋಡಿಸಿ ಪೈಪು ಹಾಕಿದ ಅಣ್ಣನಿಗೂ ಮುಂದೆ ತೊಂದರೆಯೇ.

ಅರಿಷಿಣ-ಕುಂಕುಮಕ್ಕೆಂದು ಮಗಳಿಗೆ ಹೊಲ ಬಿಟ್ಟುಕೊಡುವ ಹಳೆಯ ಸಂಪ್ರದಾಯ ನಮ್ಮಲ್ಲಿ ಇದ್ದೇ ಇತ್ತು. ವಿಧವೆಗೆ ಪೋಟಗಿಗಾಗಿ ಬಿಟ್ಟ ಹೊಲವೂ ಉಂಟು. ಪೋಟಗಿಯ ಹಕ್ಕಿಗೆ ಬದಲಾಗಿ ಹೆಂಗಸಿನ ಸ್ವಾಧೀನದಲ್ಲಿದ್ದ ಆಸ್ತಿ 1956ರ ಕಾಯಿದೆಯ 14ನೆಯ ಕಲಮಿನಿಂದ ಅವಳ ಪೂರ್ಣ ಸ್ವತ್ತಾಗುತ್ತದೆಂದು 1977ರಲ್ಲಿ ತುಳಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಅಜ್ಜಿಯ ಹೆಸರಿನಲ್ಲಿ ಇಂಥ ಹೊಲವಿದ್ದವರು ಕಾಗದಪತ್ರಗಳನ್ನು ಹುಡುಕಿ ನೋಡುವುದು ಒಳಿತು.

ವರ್ದಿ ಮತ್ತು ವಂಶಾವಳಿ

ಹೆಚ್ಚಿನ ಜಗಳಗಳು ಹುಟ್ಟುವುದು ಯಜಮಾನ ತೀರಿಕೊಂಡ ನಂತರದ ಕೆಲವು ತಿಂಗಳುಗಳಲ್ಲಿ. ವಾರಸಾ ಹಕ್ಕು ಬಂದವರು ಮೂರು ತಿಂಗಳೊಳಗೆ ಗ್ರಾಮದ ಕಂದಾಯ ಅಧಿಕಾರಿಗೆ ವರ್ದಿ ಕೊಡಬೇಕೆಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 128ನೆಯ ಕಲಮು ಹೇಳುತ್ತದೆ. ವರ್ದಿಯ ಜೊತೆಗೆ ಮರಣ ಪ್ರಮಾಣಪತ್ರ, ವಂಶಾವಳಿ ಮುಂತಾದವು ಬೇಕಾಗುತ್ತವೆ. ಈ ವಂಶಾವಳಿಯಲ್ಲಿಯೇ ಎಡವಟ್ಟು ನಡೆಯುವುದು. ಮದುವೆಯಾಗಿ ಹೋದ ಮಗಳ ಹೆಸರನ್ನು ಬಿಟ್ಟು ಗಂಡುಮಕ್ಕಳ ಹೆಸರು ಮಾತ್ರ ಬರೆಸುತ್ತಾರೆ. ಕೆಲವರು ದುರುದ್ದೇಶದಿಂದ ಹೀಗೆ ಮಾಡಿದರೆ, ಎಷ್ಟೋ ಜನ "ಹಿಂದಿನಿಂದ ಹೀಗೇ ಬಂದಿದೆ" ಎಂದು ಮಾಡುತ್ತಾರೆ. ಪರಿಣಾಮ ಎರಡರಲ್ಲಿಯೂ ಒಂದೇ. ಮುಂದೆ ಹೊಲ ಮಾರುವಾಗ, ಹೆದ್ದಾರಿಗೋ ಕೈಗಾರಿಕೆಗೋ ಸರಕಾರ ಭೂಮಿ ತೆಗೆದುಕೊಂಡು ಪರಿಹಾರ ಕೊಡುವಾಗ ಬಿಟ್ಟುಹೋದ ಹೆಸರು ಎದ್ದು ನಿಲ್ಲುತ್ತದೆ. ಹುಬ್ಬಳ್ಳಿ-ಧಾರವಾಡ ಅವಳಿನಗರದ ಸುತ್ತಲಿನ ಹಳ್ಳಿಗಳಲ್ಲಿ ಹೊಲದ ಬೆಲೆ ಏರಿದಂತೆ ಈ ತೊಡಕು ಹೆಚ್ಚಾಗಿದೆ.

ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲ, ಬಾರದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆದರೂ ಹೆಸರು ಇದ್ದರೆ ಕೆಲಸ ಸುಲಭ. ಎಲ್ಲ ವಾರಸುದಾರರ ಹೆಸರನ್ನೂ ಜಂಟಿಯಾಗಿ ದಾಖಲಿಸಿ, ವಾಟ್ನಿಯನ್ನು ಆಮೇಲೆ ಸಮಾಧಾನದಿಂದ ಮಾಡಿಕೊಳ್ಳುವುದು ಎಲ್ಲರಿಗೂ ಕ್ಷೇಮ. 1974ರ ಭೂಸುಧಾರಣೆಯ ನಂತರ ಗೇಣಿದಾರರಿಗೆ ಭೂನ್ಯಾಯ ಮಂಡಳಿಯಿಂದ ಬಂದ ಹೊಲಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅರ್ಜಿ ಕೊಟ್ಟವನು ಹಿರಿಯ ಮಗನಾದ್ದರಿಂದ ಅಧಿಭೋಗದ ಹಕ್ಕು ಅವನೊಬ್ಬನ ಹೆಸರಿಗೇ ಬಂದಿರಬಹುದು. ಅದು ಅವನ ಸ್ವಂತದ್ದೋ ಇಡೀ ಕುಟುಂಬದ ಪರವಾಗಿ ಬಂದದ್ದೋ ಎಂಬುದು ಆಯಾ ಪ್ರಕರಣದ ಪುರಾವೆಯನ್ನು ಅವಲಂಬಿಸಿರುತ್ತದೆ. ಇಂಥಲ್ಲಿ ವಕೀಲರ ಸಲಹೆಯಿಲ್ಲದೆ ಮುಂದುವರಿಯಬಾರದು.

ಹೊಲ ತುಂಡಾಗುವುದಿಲ್ಲವೇ?

ಇದು ನ್ಯಾಯವಾದ ಪ್ರಶ್ನೆ. ಮಳೆಯಾಶ್ರಿತ ಎರೆಭೂಮಿಯಲ್ಲಿ ಮೂರು ಎಕರೆಯ ಕಮತ ಒಂದು ಜೋಡಿ ಎತ್ತಿನ ಮೇವಿಗೂ ಸಾಲದು. ಆದರೆ ಮೂವರು ಗಂಡುಮಕ್ಕಳಿದ್ದಾಗ ಹೊಲ ಮೂರು ತುಂಡಾಗುವುದನ್ನು ಯಾರೂ ಆಕ್ಷೇಪಿಸುವುದಿಲ್ಲ, ಮಗಳ ಪಾಲಿನ ಮಾತು ಬಂದಾಗ ಮಾತ್ರ ಈ ಚಿಂತೆ ಏಳುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ.

ಹಕ್ಕು ಹಂಚುವುದೂ ಹೊಲ ಹಂಚುವುದೂ ಬೇರೆ ಬೇರೆ ಸಂಗತಿಗಳು. ಜಂಟಿ ಖಾತೆಯಲ್ಲಿ ಎಲ್ಲರ ಹೆಸರಿಟ್ಟುಕೊಂಡು, ಊರಲ್ಲಿರುವ ಅಣ್ಣ ಕಮತ ನೋಡಿಕೊಂಡು, ಖರ್ಚು ಕಳೆದು ಉಳಿದ ಉತ್ಪನ್ನದಲ್ಲಿ ತಂಗಿಯ ಪಾಲಿನ ಕಾಳನ್ನೋ ಹಣವನ್ನೋ ಕಳಿಸಬಹುದು. ಬದುವು ಹಾಕುವುದು, ಕೃಷಿಹೊಂಡ ತೋಡುವುದು ಇಂಥ ಕಾಯಂ ಖರ್ಚನ್ನು ಬರೆದಿಟ್ಟು ಎಲ್ಲರ ಮೇಲೂ ಹಾಕಬೇಕು. ಅಥವಾ ಅಣ್ಣನೇ ತಂಗಿಯ ಪಾಲನ್ನು ನಡೆಯುವ ಬೆಲೆಗೆ ಎರಡು-ಮೂರು ಕಂತುಗಳಲ್ಲಿ ಕೊಂಡುಕೊಳ್ಳಬಹುದು. ಕುಟುಂಬದೊಳಗಿನ ವಿಭಾಗಪತ್ರಕ್ಕೆ ಮುದ್ರಾಂಕ ಶುಲ್ಕ ಖರೀದಿಪತ್ರಕ್ಕಿಂತ ಬಹಳ ಕಡಿಮೆ. ಎಷ್ಟೆಂಬುದನ್ನು ಉಪನೋಂದಣಿ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಹೊರಗಿನವರಿಗೆ ಲಾವಣಿಗೆ ಕೊಡುವ ಮಾತು ಬಂದರೆ ಮಾತ್ರ ಜೋಕೆ. ಭೂಸುಧಾರಣಾ ಕಾಯಿದೆಯ ಗೇಣಿ ನಿರ್ಬಂಧಗಳನ್ನು ತಿಳಿದುಕೊಳ್ಳದೆ ಕಾಗದ ಮಾಡಬಾರದು.

"ಅಳಿಯ ಹೊಲ ಮಾರಿ ಯಾರನ್ನೋ ತಂದು ನಮ್ಮ ಬದುವಿನ ಮೇಲೆ ಕೂಡ್ರಿಸುತ್ತಾನೆ" ಎಂಬ ಅಂಜಿಕೆಗೂ ಕಾಯಿದೆಯಲ್ಲಿ ಉತ್ತರವಿದೆ. ವಾರಸಾ ಹಕ್ಕಿನಿಂದ ಇಬ್ಬರು ಅಥವಾ ಹೆಚ್ಚು ಮೊದಲ ವರ್ಗದ ವಾರಸುದಾರರಿಗೆ ಬಂದ ಸ್ಥಿರ ಆಸ್ತಿಯಲ್ಲಾಗಲಿ ದಂಧೆಯಲ್ಲಾಗಲಿ ಒಬ್ಬರು ತಮ್ಮ ಪಾಲನ್ನು ಮಾರಲು ಹೊರಟರೆ, ಅದನ್ನು ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರಿಗೆ ಇರುತ್ತದೆಂದು 22ನೆಯ ಕಲಮು ಹೇಳುತ್ತದೆ. ಇದು ಸಾಗುವಳಿ ಜಮೀನಿಗೂ ಅನ್ವಯಿಸುತ್ತದೆಂದು 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಬೆಲೆ ಹೊಂದದಿದ್ದರೆ ಕೋರ್ಟೇ ಬೆಲೆ ಗೊತ್ತುಮಾಡುತ್ತದೆ. ತಂದೆತಾಯಿಗಳಿಂದ ವಾರಸಾ ಬಂದ ಆಸ್ತಿಯುಳ್ಳ ಮಗಳು ಮೃತ್ಯುಪತ್ರವಿಲ್ಲದೆ, ಮಕ್ಕಳಾಗಲಿ ತೀರಿಹೋದ ಮಕ್ಕಳ ಮಕ್ಕಳಾಗಲಿ ಇಲ್ಲದೆ ತೀರಿಕೊಂಡರೆ ಆ ಆಸ್ತಿ ಗಂಡನ ಕಡೆಗೆ ಹೋಗುವುದಿಲ್ಲ, ತಂದೆಯ ವಾರಸುದಾರರಿಗೇ ಮರಳುತ್ತದೆ. ಇದು 15ನೆಯ ಕಲಮು.

ಅಂಗಡಿ, ಗಿರಣಿ, ಕೈಕಸಬು

ಹುಬ್ಬಳ್ಳಿ-ಧಾರವಾಡದ ಒಕ್ಕಲಿಗ ಮನೆತನಗಳು ಎಷ್ಟೋ ಹೊಲದ ಜೊತೆಗೆ ಅಂಗಡಿಯನ್ನೂ ನಡೆಸುತ್ತವೆ. ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ಅಡತಿ ಅಂಗಡಿ, ಹಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ, ಹಿಟ್ಟಿನ ಗಿರಣಿ, ಎಣ್ಣೆಗಾಣ, ಹೈನು. ಇಲ್ಲಿ ವಾರಸಾ ಕೆಲಸ ಮಾಡುವ ರೀತಿ ಹೊಲಕ್ಕಿಂತ ಬೇರೆ. ಹೊಲ ತಾನಾಗಿ ವಾರಸುದಾರರಿಗೆ ಬರುತ್ತದೆ. ಅಂಗಡಿಯ ಲೈಸೆನ್ಸು ಹಾಗೆ ಬರುವುದಿಲ್ಲ, ಅದು ಪಡೆದವನ ಹೆಸರಿಗೆ ಇರುತ್ತದೆ. ಪಾಲುಗಾರಿಕೆಯ ಅಂಗಡಿಯಾದರೆ, ಪತ್ರದಲ್ಲಿ ಬೇರೆ ಕರಾರಿಲ್ಲದಿದ್ದಾಗ ಒಬ್ಬ ಪಾಲುದಾರ ತೀರಿಕೊಂಡೊಡನೆ ಪಾಲುಗಾರಿಕೆಯೇ ಮುಗಿಯುತ್ತದೆಂದು 1932ರ ಪಾಲುಗಾರಿಕೆ ಕಾಯಿದೆ ಹೇಳುತ್ತದೆ. ವಾರಸುದಾರರಿಗೆ ಸಲ್ಲುವುದು ಲೆಕ್ಕದಂತೆ ಬರತಕ್ಕ ಹಣ ಮಾತ್ರ, ಗಲ್ಲೆಯ ಮೇಲೆ ಕೂಡ್ರುವ ಹಕ್ಕಲ್ಲ. ಮಗಳನ್ನು ಅಂಗಡಿಗೆ ತರಬೇಕೆನ್ನುವ ತಂದೆ ಬದುಕಿರುವಾಗಲೇ ಅವಳನ್ನು ಪಾಲುದಾರಳನ್ನಾಗಿ ಬರೆಸಬೇಕು, ಬ್ಯಾಂಕಿನ ಖಾತೆಯಲ್ಲಿ ಸಹಿಯ ಅಧಿಕಾರ ಕೊಡಿಸಬೇಕು. ಏಕತ್ರ ಕುಟುಂಬದ ಕರ್ತಾ ಸ್ಥಾನಕ್ಕೆ ಹಿರಿಯ ಮಗಳೂ ಬರಬಹುದೆಂದು ದಿಲ್ಲಿ ಹೈಕೋರ್ಟು 2015ರಲ್ಲಿ ತೀರ್ಪು ಕೊಟ್ಟಿದೆ.

ಬೀಜ-ಗೊಬ್ಬರದ ಅಂಗಡಿಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಗೊಬ್ಬರ ಮತ್ತು ಕೀಟನಾಶಕ ಮಾರುವವರಿಗೆ ಈಗ ವಿದ್ಯಾರ್ಹತೆ ಬೇಕು. ಕೃಷಿ ಪದವಿಯಾಗಲಿ, ನಿಯಮದಲ್ಲಿ ಹೇಳಿದ ಡಿಪ್ಲೊಮಾ ಅಥವಾ ತರಬೇತಿಯಾಗಲಿ ಆಗಿರಬೇಕು. ಎಷ್ಟೋ ಮನೆಗಳಲ್ಲಿ ಕೃಷಿ ಪದವಿ ಓದಿದವಳು ಮಗಳು. ತಂದೆಯ ಪಹಣಿ ತೋರಿಸಿ ಕೃಷಿಕರ ಕೋಟಾದಲ್ಲಿ ಸೀಟು ಪಡೆದು ಓದಿದ ಅವಳಿಗೆ ಅದೇ ಪಹಣಿಯಲ್ಲಿ ಮುಂದೆ ಹೆಸರು ಸಿಗುವುದಿಲ್ಲ. ಅಂಗಡಿಯೂ ಓದದ ಮಗನಿಗೆ ಹೋಗುತ್ತದೆ, ಅವನು ಇನ್ನೊಬ್ಬರ ಸರ್ಟಿಫಿಕೇಟಿಗಾಗಿ ತಿರುಗುತ್ತಾನೆ.

ಆಸ್ತಿಗಿಂತ ಮೊದಲು ಕೈದಾಟಬೇಕಾದದ್ದು ಕೆಲಸದ ತಿಳಿವಳಿಕೆ. ನಮ್ಮ ಜಿಲ್ಲೆಯ ನವಲಗುಂದದ ಜಮಖಾನೆಯ ಕಸಬನ್ನೇ ನೋಡಬಹುದು. ಅಲ್ಲಿ ಮಗ್ಗದ ಮುಂದೆ ಕೂಡ್ರುವವರು ಹೆಂಗಸರು. ಆದರೂ ಆ ವಿದ್ಯೆಯನ್ನು ಸೊಸೆಗೆ ಕಲಿಸುತ್ತಿದ್ದರು, ಮಗಳಿಗೆ ಕಲಿಸುತ್ತಿರಲಿಲ್ಲ ಎಂದು ಹೇಳುತ್ತಾರೆ. ಮಗಳು ಮದುವೆಯಾಗಿ ಹೋದರೆ ಮನೆತನದ ಗುಟ್ಟು ಅವಳ ಸಂಗಡ ಹೊರಗೆ ಹೋಗುತ್ತದೆಂಬ ಅಂಜಿಕೆ. ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕರೂ ಇಂದು ಆ ಕಸಬಿನವರು ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಇದಕ್ಕೆ ಮಾರುಕಟ್ಟೆ, ಕೂಲಿ ಮುಂತಾದ ಬೇರೆ ಕಾರಣಗಳೂ ಇವೆ ನಿಜ. ಆದರೆ ಕಲಿಯಬಲ್ಲವರಲ್ಲಿ ಅರ್ಧ ಜನರನ್ನು ಹೊರಗಿಟ್ಟ ಕಸಬು ಬೆಳೆಯುವುದು ಕಷ್ಟ. ಇದಕ್ಕೆ ತಿರುಗುಮುರುಗಾಗಿ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಮನೆಯಲ್ಲಿ ಸಂಗೀತ ತಾಯಿ ಅಂಬಾಬಾಯಿಯವರಿಂದ ಮಗಳಿಗೆ, ಅವರಿಂದ ಮಗಳು ಕೃಷ್ಣಾ ಅವರಿಗೆ ಇಳಿದು ಬಂದದ್ದು ಎಲ್ಲರಿಗೂ ಗೊತ್ತಿದೆ.

ಒಕ್ಕಲುತನದಲ್ಲಿ ಮಗಳಿಗೆ ಕಸ ತೆಗೆಯಲು ಬರುತ್ತದೆ, ಹೈನು ನೋಡಿಕೊಳ್ಳಲು ಬರುತ್ತದೆ. ಯಾವ ಹೊಲದ ಸರ್ವೆ ನಂಬರು ಯಾವುದು, ಸೊಸಾಯಿಟಿಯಲ್ಲಿ ಬಾಕಿ ಎಷ್ಟು, ಅಡತಿಯವರ ಪಟ್ಟಿಯಲ್ಲಿ ತೂಕ-ದರ-ಹಮಾಲಿ ಹೇಗೆ ಹಿಡಿದಿದ್ದಾರೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಕಿರ್ದಿ-ಖತಾವಣಿ ಬರೆಯುವ ಕೆಲಸವನ್ನು ಮಗಳ ಕೈಗೆ ಒಂದು ಹಂಗಾಮಿನ ಮಟ್ಟಿಗೆ ಕೊಟ್ಟು ನೋಡಬೇಕು. ಮಾಲು ಪೇಟೆಗೆ ಹೋಗುವ ದಿನ ಅವಳನ್ನೂ ಸಂಗಡ ಕರೆದುಕೊಂಡು ಹೋಗಬೇಕು.

ವಿಸ್ತರಣಾ ಕಾರ್ಯಕರ್ತರಿಗೂ ಇಲ್ಲಿ ಕೆಲಸವಿದೆ. ತರಬೇತಿಗೆ ಹೆಸರು ಬರೆದುಕೊಳ್ಳುವಾಗ ಖಾತೆದಾರರ ಪಟ್ಟಿಯನ್ನಷ್ಟೇ ಹಿಡಿದರೆ ಹೊಲದಲ್ಲಿ ನಿಜವಾಗಿ ದುಡಿಯುವವರು ಬಿಟ್ಟುಹೋಗುತ್ತಾರೆ. ಬೀಜೋಪಚಾರದ ಪ್ರಾತ್ಯಕ್ಷಿಕೆಯನ್ನು ಗಂಡಸರಿಗೆ ತೋರಿಸಿ ಬಂದರೆ, ಬೀಜ ಹಸನು ಮಾಡುವವಳಿಗೆ ಆ ವಿಷಯ ಮುಟ್ಟಿತೇ ಎಂದು ಮರುಭೇಟಿಯಲ್ಲಿ ಕೇಳಬೇಕು. ಯಜಮಾನ ತೀರಿಕೊಂಡ ಮನೆಗೆ ಹೋದಾಗ ವಾರಸಾ ವರ್ದಿ ಕೊಟ್ಟಿದ್ದಾರೆಯೇ, ಅದರಲ್ಲಿ ತಾಯಿಯ ಮತ್ತು ಹೆಣ್ಣುಮಕ್ಕಳ ಹೆಸರು ಇದೆಯೇ ಎಂದು ವಿಚಾರಿಸುವುದು ಅಧಿಕಪ್ರಸಂಗವಲ್ಲ.

ಮೇಲೆ ಹೇಳಿದ್ದು ಹಿಂದೂ ವಾರಸಾ ಕಾಯಿದೆಗೆ ಒಳಪಟ್ಟ ಕುಟುಂಬಗಳಿಗೆ. ಮುಸ್ಲಿಂ ಕುಟುಂಬಗಳಲ್ಲಿ ಶರಿಯತ್ತಿನಂತೆ ಮಗಳಿಗೆ ಮಗನ ಪಾಲಿನ ಅರ್ಧ ಬರುತ್ತದೆ. ಕ್ರೈಸ್ತರಿಗೆ 1925ರ ಭಾರತೀಯ ವಾರಸಾ ಕಾಯಿದೆಯಂತೆ ಮಗ-ಮಗಳಿಗೆ ಸಮಪಾಲು.

ಈ ವಿಷಯದಲ್ಲಿ ಸಲಹೆ ಬೇಕಾದ ಹೆಣ್ಣುಮಕ್ಕಳು ವಕೀಲರ ಫೀಗೆ ಹೆದರಬೇಕಾದ ಕಾರಣವಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಧಾರವಾಡದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲೂಕು ಕೇಂದ್ರದ ಕೋರ್ಟುಗಳಲ್ಲಿ ಸಮಿತಿಗಳಿವೆ. ಅಣ್ಣ-ತಂಗಿಯರು ಒಪ್ಪಿದರೆ ವಾಟ್ನಿಯ ತಕರಾರನ್ನು ಲೋಕ ಅದಾಲತ್ತಿನಲ್ಲಿ ಮುಗಿಸಿಕೊಳ್ಳಬಹುದು. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಅಪೀಲು ಇಲ್ಲ, ತುಂಬಿದ ಕೋರ್ಟು ಫೀ ಮರಳಿ ಸಿಗುತ್ತದೆ. ಹೋಗುವಾಗ ಎಲ್ಲ ಸರ್ವೆ ನಂಬರುಗಳ ಉತಾರ, ಹಳೆಯ ಡೈರಿಯ ನಕಲು, ತಂದೆಯ ಮರಣ ಪ್ರಮಾಣಪತ್ರ ಮತ್ತು ಹೆಣ್ಣುಮಕ್ಕಳ ಹೆಸರೂ ಇರುವ ವಂಶಾವಳಿ ಸಂಗಡ ಇರಬೇಕು.